ಒಂದು ಬಿಳಿ ಶೂ, ಒಂದು ಕಂದು ಶೂ

ಅಟ್ಟ ಹತ್ತಬೇಡ ಎಂದು ಯಾರಾದರೂ ಹೇಳಿದ ದಿನವೇ ಅಟ್ಟದ ಮೇಲೆ ಏನೋ ಬಹಳ ಮುಖ್ಯವಾದದ್ದು ಇದೆ ಎಂದು ನನಗೆ ಅನಿಸತೊಡಗುತ್ತದೆ. ಮೊನ್ನೆಯೂ ಹಾಗೇ ಆಯಿತು. ದಸರೆ ಬಂತು, ಗೊಂಬೆಗಳ ಪೆಟ್ಟಿಗೆ ಇಳಿಸಬೇಕು. ಮಗಳು ಸುಮ, "ಅಮ್ಮಾ, ಮಂಡಿ ನೋವು ಇಟ್ಕೊಂಡು ನೀನು ಸ್ಟೂಲ್ ಹತ್ಬೇಡ. ಸಂಜೆ ಬಂದು ನಾನೇ ತೆಗೀತೀನಿ" ಎಂದು ಬೆರಳು ತೋರಿಸಿ ಹೇಳಿ ಕೆಲಸಕ್ಕೆ ಹೊರಟಳು. ಅವಳ ಸ್ಕೂಟರಿನ ಸದ್ದು ತಿರುವಿನಲ್ಲಿ ಅಡಗುವಷ್ಟರಲ್ಲಿ ನಾನು ಸ್ಟೂಲಿನ ಮೇಲಿದ್ದೆ.

ಗೊಂಬೆ ಪೆಟ್ಟಿಗೆಗಿಂತ ಮೊದಲು ಕೈಗೆ ಸಿಕ್ಕಿದ್ದು ಒಂದು ಬಟ್ಟೆ ಚೀಲ. ಒಳಗೆ ಕ್ಯಾನ್ವಾಸ್ ಶೂಗಳು, ಎರಡೇ ಎರಡು. ಎಡಗಾಲಿನದು ಬಿಳಿ, ಬಲಗಾಲಿನದು ಕಂದು. ಕಂದು ಬಣ್ಣದ್ದು ಅಳತೆಯಲ್ಲಿ ಸ್ವಲ್ಪ ದೊಡ್ಡದು. ರಬ್ಬರು ಒಣಗಿ ಬಿರುಕು ಬಿಟ್ಟಿದೆ, ಲೇಸಿನ ಬದಲು ಲಂಗದ ಲಾಡಿ ಹಾಕಿದೆ. ನೋಡಿದವರು ಯಾರೋ ಎರಡು ಮನೆಯಿಂದ ಒಂದೊಂದು ಕದ್ದು ತಂದಿದ್ದಾರೆ ಅಂದುಕೊಳ್ಳಬೇಕು. ನಾನು ಸ್ಟೂಲಿನಿಂದ ಇಳಿದು, ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಕೂತೆ. ಗೊಂಬೆಗಳು ಅಲ್ಲೇ ಉಳಿದವು.

ನನ್ನ ಅಮ್ಮ ಇವನ್ನು ಹಾಕಿಕೊಂಡು ಜಲಪಾತ ಹತ್ತಿದಳು ಎಂದು ಬರೆಯುವಂತಿದ್ದರೆ ಎಷ್ಟು ಚೆನ್ನಾಗಿರುತ್ತಿತ್ತು! ಆದರೆ ಅವಳು ಹತ್ತಿದ್ದು ಇವನ್ನು ಹಾಕಿಕೊಳ್ಳದೆ. ಅದು ಹೇಗಾಯಿತು ಎಂದು ಹೇಳಬೇಕಾದರೆ ನಮ್ಮ ಬೀದಿಯ ಬೋರ್‌ವೆಲ್ಲಿನಿಂದ ಶುರು ಮಾಡಬೇಕು. ನನಗೆ ಯಾವ ಕಥೆಯನ್ನೂ ನೇರವಾಗಿ ಹೇಳಿ ಅಭ್ಯಾಸವಿಲ್ಲ, ನೀವು ಸ್ವಲ್ಪ ಸಹಿಸಿಕೊಳ್ಳಬೇಕು.

ಆಗ ನಾವು ವಿಜಯನಗರದಲ್ಲಿದ್ದೆವು. ಎಂಬತ್ತರ ದಶಕ. ನಾನು ರಾಜಾಜಿನಗರದ ಒಂದು ಸಣ್ಣ ಫ್ಯಾಕ್ಟರಿಯ ಆಫೀಸಿನಲ್ಲಿ ಟೈಪಿಸ್ಟ್. ನಲ್ಲಿಯಲ್ಲಿ ನೀರು ಬಂದರೆ ಬಂತು, ಇಲ್ಲವಾದರೆ ಬೀದಿಯ ಮೂಲೆಯಲ್ಲಿದ್ದ ಬೋರ್‌ವೆಲ್ ಪಂಪೇ ಗತಿ. ಬೆಳಕು ಹರಿಯುವ ಮೊದಲೇ ಅಲ್ಲಿ ಕೊಡಗಳ ಸಾಲು. ಆ ಸಾಲಿಗೆ ಇದ್ದ ಶಿಸ್ತು ನಮ್ಮ ಫ್ಯಾಕ್ಟರಿಯ ಕ್ಯಾಂಟೀನಿನಲ್ಲೂ ಇರಲಿಲ್ಲ. ಕೊಡ ಇಟ್ಟು ಮನೆಗೆ ಹೋಗಿ ಹಾಲು ಕಾಯಿಸಿ ಬಂದರೂ ನಿಮ್ಮ ಜಾಗ ನಿಮ್ಮದೇ. ಮಧ್ಯೆ ನುಗ್ಗಿದವರ ಕೊಡ ಉರುಳಿಕೊಂಡು ಚರಂಡಿ ಸೇರುತ್ತಿತ್ತು. ಒಂದೇ ಒಂದು ವಿನಾಯಿತಿ: ಯಾರ ಮನೆಯಲ್ಲಿ ಬಾಣಂತಿಯೋ ಪೇಷಂಟೋ ಇದ್ದಾರೋ ಅವರ ಕೊಡ ಎಲ್ಲರಿಗಿಂತ ಮುಂದೆ. ಇದನ್ನು ಯಾರೂ ಕೂತು ತೀರ್ಮಾನ ಮಾಡಿದ್ದಲ್ಲ, ಹಾಗೇ ನಡೆದು ಬಂದಿತ್ತು.

ಒಂದು ವರ್ಷದಿಂದ ನಮ್ಮ ಕೊಡ ಎಲ್ಲರಿಗಿಂತ ಮುಂದೆ ಇತ್ತು. ಅಮ್ಮನಿಗೆ ಗರ್ಭಕೋಶದ ಆಪರೇಷನ್ ಆಗಿತ್ತು. ಮೂರು ತಿಂಗಳು ಹುಷಾರಾಗಿರಲಿ, ಆಮೇಲೆ ಎಲ್ಲರ ಹಾಗೆ ಇರಬಹುದು ಎಂದಿದ್ದರು ಡಾಕ್ಟರು. ಅಪ್ಪನ ಕಿವಿಗೆ ಬಿದ್ದಿದ್ದು 'ಹುಷಾರು' ಎಂಬ ಒಂದೇ ಮಾತು. ಸರ್ಕಾರಿ ಕಚೇರಿಯಲ್ಲಿ ಹೆಡ್ ಕ್ಲಾರ್ಕ್ ಆಗಿದ್ದ ಅಪ್ಪ ಒಳ್ಳೆಯ ಮನುಷ್ಯ. ಆದರೆ ಒಮ್ಮೆ ಒಂದು ಆರ್ಡರ್ ಬಂದರೆ ಇನ್ನೊಂದು ಆರ್ಡರ್ ಬರುವ ತನಕ ಅದೇ ಜಾರಿಯಲ್ಲಿರಬೇಕು ಎಂದು ನಂಬಿದವರು. ತುಮಕೂರಿನಿಂದ ತಮ್ಮ ಅಕ್ಕನನ್ನು ಕರೆಸಿದರು. ಒಂದು ತಿಂಗಳಿಗೆಂದು ಬಂದ ಕಮಲತ್ತೆ ವರ್ಷವಾದರೂ ನಮ್ಮ ಅಡುಗೆಮನೆಯಲ್ಲಿದ್ದರು. ಅಮ್ಮನ ಸ್ಟೀಲ್ ಕೊಡ ಅಟ್ಟ ಸೇರಿತು. ನನಗೆ ಹಗುರವಾದ ಪ್ಲಾಸ್ಟಿಕ್ ಕೊಡ ಬಂತು. ಅಮ್ಮನಿಗೆ ಕಿಟಕಿ ಪಕ್ಕ ಒಂದು ಮಂಚ.

ಅಮ್ಮ ಎದ್ದರೆ ಅಪ್ಪ, "ಕೂತ್ಕೋ, ಕೂತ್ಕೋ." ಚೊಂಬು ಮುಟ್ಟಿದರೆ, "ಸುಧಾರಿಸ್ಕೋ. ಮಾತ್ರೆ ಬೇಕಾ?" ಬಾಗಿಲಿಗೆ ಬಂದ ಅಕ್ಕಪಕ್ಕದವರು ತಲೆಯನ್ನು ಒಂದು ಪಕ್ಕಕ್ಕೆ ವಾಲಿಸಿ, ದನಿ ಇಳಿಸಿ, "ಹೇಗಿದೀರಿ ಸಾವಿತ್ರಮ್ಮಾ?" ಎನ್ನುತ್ತಿದ್ದರು. ಆ ತಲೆ ವಾಲಿಸುವುದನ್ನು ಕಂಡರೆ ಅಮ್ಮನಿಗೆ ಮೈಯೆಲ್ಲ ಉರಿಯುತ್ತಿತ್ತು. "ನಂಗೇನೂ ಆಗಿಲ್ಲ ಕಣ್ರೀ" ಎಂದು ಹೇಳಿ ಹೇಳಿ ಸಾಕಾಗಿ, ಕಡೆಗೆ ಸುಮ್ಮನಾದಳು. ನಾಲ್ಕು ಮನೆಗೆ ಕೇಳುವಂತೆ ಮಾತಾಡುತ್ತಿದ್ದ ಅಮ್ಮ ಸುಮ್ಮನಾದದ್ದು ನನಗೆ ಭಯ ಹುಟ್ಟಿಸಿತು. ಅಪ್ಪನಿಗೆ ಮಾತ್ರ ಅದು ವಿಶ್ರಾಂತಿಯಂತೆ ಕಂಡಿತು. ಇಷ್ಟು ಹೇಳಿದ ಮೇಲೆ ಇನ್ನೊಂದನ್ನೂ ಹೇಳಿಬಿಡುತ್ತೇನೆ: ಬೆಳಗಿನ ಜಾವದ ಚಳಿಯಲ್ಲಿ ಸಾಲಿನಲ್ಲಿ ನಿಲ್ಲದೆ ಮೊದಲ ಕೊಡ ಹಿಡಿದು ಬರುವುದು ನನಗೆ ಬಹಳ ಹಿತವಾಗಿತ್ತು.

ಹೀಗಿರುವಾಗ ನಮ್ಮ ಫ್ಯಾಕ್ಟರಿಯ ಕ್ಲಬ್ಬಿನವರು ಭಾನುವಾರಕ್ಕೆ ಒಂದು ದಿನದ ಟೂರ್ ಹಾಕಿದರು. ಪ್ರತಿ ವರ್ಷ ದೇವಸ್ಥಾನ, ಡ್ಯಾಮು, ಮೃಗಾಲಯ ಎಂದು ಸುತ್ತಿಸುತ್ತಿದ್ದವರಿಗೆ ಆ ವರ್ಷ ಸಾಹಸದ ಹುಚ್ಚು ಹಿಡಿದಿತ್ತು. ಅದಕ್ಕೆ ಕಾರಣ ಟೂಲ್ ರೂಮಿನ ಬಸವರಾಜು. ಲಗ್ಗೆರೆಯ ಹುಡುಗ, ಭಾನುವಾರ ಬಂತೆಂದರೆ ಹಗ್ಗ ಹೆಗಲಿಗೇರಿಸಿ ರಾಮನಗರದ ಬಂಡೆಗಳ ಕಡೆ ಹೋಗುತ್ತಿದ್ದ. ಅವನೇ ಗೈಡು. ಮೊದಲು ಬೆಟ್ಟದ ನೆತ್ತಿಯಿಂದ ತಳದ ಪವರ್ ಹೌಸಿನವರೆಗೆ ಟ್ರಾಲಿಯಲ್ಲಿ ಇಳಿಯುವುದು, ಆಮೇಲೆ ಪಕ್ಕದ ಜಲಪಾತವನ್ನು ಕೆಳಗಿನಿಂದ ಮೇಲಕ್ಕೆ ಹತ್ತುವುದು. ಮನೆಯವರನ್ನೂ ಕರೆತರಬಹುದು. ಕ್ಯಾನ್ವಾಸ್ ಶೂ ಕಡ್ಡಾಯ.

ನನಗೆ ಹೋಗುವ ಮನಸ್ಸು ಎಳ್ಳಷ್ಟೂ ಇರಲಿಲ್ಲ. ನಾನು ಉಯ್ಯಾಲೆಯಲ್ಲೂ ಕಾಲು ನೆಲಕ್ಕೆ ತಾಗಿಸಿಕೊಂಡೇ ಆಡಿ ಬೆಳೆದವಳು. ಆದರೂ ಇಂಥ ಟೂರಿಗೆ ನಮಗೆಲ್ಲ ಆಹ್ವಾನವಿದೆ ಎಂದು ಮನೆಯಲ್ಲಿ ಜಂಬ ಕೊಚ್ಚಿಕೊಳ್ಳಲು ಏನಡ್ಡಿ? ರಾತ್ರಿ ಊಟಕ್ಕೆ ಕೂತಾಗ ಕೊಚ್ಚಿಕೊಂಡೆ. ಮಂಚದ ಕಡೆಯಿಂದ ದನಿ ಬಂತು.

"ನಾನೂ ಬರ್ತೀನಿ."

ಅಪ್ಪ ನಕ್ಕರು. "ನೀನು? ಜಲಪಾತ ಹತ್ತೋಕೆ? ಮೊದ್ಲು ಗೇಟ್ ತನಕ ನಡಿ."

ಅಮ್ಮ ತಟ್ಟೆ ಕೆಳಗಿಟ್ಟು ಎದ್ದು ಬಂದಳು. "ನೋಡ್ರೀ, ಒಂದ್ ಮಾತು. ನಾನು ಆ ಜಲಪಾತ ಹತ್ತಿದ್ರೆ ಮಾರನೇ ದಿನದಿಂದ ನನ್ನ ಕೊಡ ನಂಗೆ, ನನ್ನ ಅಡುಗೆಮನೆ ನಂಗೆ. 'ಕೂತ್ಕೋ' ಅಂತ ಯಾರೂ ಅನ್ನಂಗಿಲ್ಲ. ಹತ್ತಕ್ಕಾಗ್ದೆ ವಾಪಸ್ ಬಂದ್ರೆ, ನೀವು ಹೇಳಿದಷ್ಟು ವರ್ಷ ಈ ಮಂಚದ ಮೇಲೆ ಕೂತಿರ್ತೀನಿ. ಉಸಿರೆತ್ತಲ್ಲ."

ವರ್ಷದಲ್ಲಿ ಅಮ್ಮ ಆಡಿದ ಅತ್ಯಂತ ಉದ್ದದ ಮಾತು ಅದೇ ಇರಬೇಕು. ಅಪ್ಪ ಒಮ್ಮೆ ನನ್ನನ್ನು, ಒಮ್ಮೆ ಅತ್ತೆಯನ್ನು ನೋಡಿ, ಭಾನುವಾರದ ಹೊತ್ತಿಗೆ ತಣ್ಣಗಾಗುತ್ತಾಳೆ ಎಂದು ಲೆಕ್ಕ ಹಾಕಿ, "ಆಯ್ತು" ಎಂದುಬಿಟ್ಟರು.

ಅಮ್ಮ ತಣ್ಣಗಾಗಲಿಲ್ಲ. ಅಪ್ಪ ಆಫೀಸಿಗೆ ಹೊರಟ ಮೇಲೆ ಹಪ್ಪಳ ಒಣಗಿಸುವ ನೆಪದಲ್ಲಿ ಮಹಡಿ ಮೆಟ್ಟಿಲು ಹತ್ತಿ ಇಳಿಯತೊಡಗಿದಳು. ಹಪ್ಪಳವನ್ನು ಒಂದೊಂದಾಗಿ ಮೇಲಕ್ಕೆ ಒಯ್ಯುತ್ತಿದ್ದಳಂತೆ. ಈ ಸುದ್ದಿ ನನಗೆ ಹೇಳಿದವರು ಕಮಲತ್ತೆ. ಅವರು ಅಪ್ಪನಿಗೆ ಯಾಕೆ ಹೇಳಲಿಲ್ಲ ಎಂಬುದು ಹೊರಡುವ ದಿನದವರೆಗೂ ನನಗೆ ಗೊತ್ತಾಗಲಿಲ್ಲ. ಅಷ್ಟರಲ್ಲಿ ನನ್ನ ಹೈಸ್ಕೂಲಿನ ಪಿ.ಟಿ. ಶೂಗಳನ್ನು ಪೆಟ್ಟಿಗೆಯಿಂದ ತೆಗೆದು, ತೊಳೆದು, ಸೀಮೆಸುಣ್ಣ ಅರೆದು ಬಳಿದು ಅಮ್ಮನಿಗೆ ಒಪ್ಪಿಸಿದ್ದೆ. ಈ ಸೀಮೆಸುಣ್ಣ ಬಳಿಯುವ ಕೆಲಸದಲ್ಲಿ ನಾನು ಶಾಲೆಯಲ್ಲೇ ಹೆಸರು ಮಾಡಿದ್ದೆ. ಓಟದಲ್ಲಿ ಕೊನೆಯವಳಾಗಿ ಬಂದರೂ ನನ್ನ ಶೂ ಮಾತ್ರ ಮೊದಲ ಬಹುಮಾನಕ್ಕೆ ಯೋಗ್ಯವಾಗಿರುತ್ತಿತ್ತು.

ಭಾನುವಾರ ಬೆಳಿಗ್ಗೆ ಅತ್ತೆ ಅಮ್ಮನನ್ನು ಕೋಣೆಗೆ ಎಳೆದುಕೊಂಡು ಹೋಗಿ, ತಮ್ಮ ಅಮ್ಮ ನಾಟಿ ಗದ್ದೆಗೆ ಇಳಿಯುವಾಗ ಉಡುತ್ತಿದ್ದ ಹಾಗೆ ಸೀರೆಗೆ ಕಚ್ಚೆ ಹಾಕಿ ಬಿಗಿದರು. ನಾನು ಬಾಯಿ ಬಿಟ್ಟುಕೊಂಡು ನೋಡುತ್ತಿದ್ದೆ. "ಅಯ್ಯೋ, ನಮ್ಮ ಆಫೀಸಿನೋರೆಲ್ಲ ಇರ್ತಾರೆ ಅತ್ತೆ!" ಎಂದೆ.

"ಇರ್ಲಿ ಬಿಡೇ. ಅವ್ರೇನು ಹೊತ್ಕೊಂಡ್ ಹೋಗ್ತಾರಾ?" ಎಂದವರೇ ಅಮ್ಮನ ಕಡೆ ತಿರುಗಿ, ಗಂಟನ್ನು ಇನ್ನಷ್ಟು ಬಿಗಿ ಮಾಡುತ್ತಾ ಹೇಳಿದರು: "ಸಾವಿತ್ರಿ, ಬಿದ್ದು ಗಿದ್ದು ಬಂದ್ಯೋ, ನಾನು ಇನ್ನೊಂದು ವರ್ಷ ಇಲ್ಲೇ ಇರ್ಬೇಕಾಗುತ್ತೆ. ನನ್ ಮನೆ ಬೀಗ ತುಕ್ಕು ಹಿಡೀತಾ ಇದೆ ಕಣೇ. ನೋಡ್ಕೊಂಡ್ ಹತ್ತು."

ಪೇಷಂಟು, ನರ್ಸು ಇಬ್ಬರೂ ಅಪ್ಪನ ಪ್ರೀತಿಯಲ್ಲಿ ಸೆರೆಯಾಗಿದ್ದರು ಎಂಬುದು ನನಗೆ ಆಗ ಹೊಳೆಯಿತು. ಅಪ್ಪ ಹೊರಗೆ ಫ್ಲಾಸ್ಕು ಹೆಗಲಿಗೆ ಹಾಕಿಕೊಂಡು, ಜೇಬಿನಲ್ಲಿ ಮಾತ್ರೆ ತುಂಬಿಕೊಂಡು ನಿಂತಿದ್ದರು. ಅಮ್ಮನ ಹಿಂದೆ ತಾವೂ ಬರುವುದು ಎಂದು ಅವರು ನಿರ್ಧರಿಸಿಯಾಗಿತ್ತು.

ಹದಿನೈದಿಪ್ಪತ್ತು ಜನ ಒಂದು ವ್ಯಾನಿನಲ್ಲಿ ಹೊರಟೆವು. ಟೂರಿಗೆ ಹೊರಟವರ ಹಸಿವಿಗೂ ಗಡಿಯಾರಕ್ಕೂ ಸಂಬಂಧವಿಲ್ಲ ನೋಡಿ. ಮನೆಯಲ್ಲಿ ತಿಂಡಿ ತಿಂದು ಬಂದವರೇ ಕೆಂಗೇರಿ ದಾಟುವಷ್ಟರಲ್ಲಿ ಪುಳಿಯೋಗರೆ ಡಬ್ಬಿಯ ಮುಚ್ಚಳ ತೆಗೆದಾಗಿತ್ತು. ಹಿಂದಿನ ಸೀಟಿನವರು ಹಾಡಿದರು, ಮುಂದಿನ ಸೀಟಿನವರು ನಿಂಬೆಹಣ್ಣು ಮೂಸಿದರು. ನಾನು ಎರಡನ್ನೂ ಮಾಡಿದೆ. ಅಮ್ಮ ಮಾತ್ರ ಕಿಟಕಿಯ ಸರಳು ಹಿಡಿದು ಬೆಟ್ಟದ ಸಾಲು ಕಾಣುವುದನ್ನೇ ಕಾಯುತ್ತಿದ್ದಳು.

ಆ ಜಾಗದ ಹೆಸರು ಹೇಳುವುದಿಲ್ಲ. ಈಗ ಅಲ್ಲಿಗೆ ಯಾರನ್ನೂ ಬಿಡುವುದಿಲ್ಲವಂತೆ, ಸುಮ್ಮನೆ ನಿಮಗೆ ಆಸೆ ಹುಟ್ಟಿಸುವುದು ಯಾಕೆ? ಬೆಟ್ಟದ ನೆತ್ತಿಯಲ್ಲಿ ಒಂದು ಶೆಡ್ಡು. ಅಲ್ಲಿಂದ ಕೆಳಗೆ, ನೇರ ಬಾವಿಗೆ ಇಳಿಬಿಟ್ಟ ಏಣಿಯಂತೆ, ಎರಡು ಹಳಿ. ಹಳಿಯ ಮೇಲೆ ಬಾಗಿಲಿಲ್ಲದ ಒಂದು ಟ್ರಾಲಿ. ಶೆಡ್ಡಿನೊಳಗಿನ ಯಂತ್ರ ಉಕ್ಕಿನ ಹಗ್ಗವನ್ನು ಬಿಡುತ್ತಾ ಹೋದಂತೆ ಟ್ರಾಲಿ ಇಳಿಯುತ್ತದೆ, ಸುತ್ತುತ್ತಾ ಬಂದಂತೆ ಏರುತ್ತದೆ. ತಳದಲ್ಲಿ ಪವರ್ ಹೌಸಿನ ಹೆಂಚು ಬೆಂಕಿಪೊಟ್ಟಣದಷ್ಟು ಕಾಣುತ್ತಿತ್ತು. ನಾನು ಎರಡು ಹೆಜ್ಜೆ ಹಿಂದೆ ಸರಿದೆ.

ಆಯುಧಪೂಜೆ ಕಳೆದು ನಾಲ್ಕೈದು ದಿನವಾಗಿತ್ತಷ್ಟೆ. ಟ್ರಾಲಿಯ ಎರಡೂ ಕಡೆ ಬಾಳೆಕಂದು ಇನ್ನೂ ಹಸಿರಾಗಿತ್ತು. ಮುಂದುಗಡೆ ಚಾಮುಂಡೇಶ್ವರಿಯ ಪಟ, ಚೆಂಡುಹೂವಿನ ಹಾರ, ಮೂರು ಪಟ್ಟೆ ವಿಭೂತಿ, ನಡುವೆ ಅಂಗೈ ಅಗಲದ ಕುಂಕುಮ. ಟ್ರಾಲಿ ನಡೆಸುವ ಆಪರೇಟರು ಆಗಷ್ಟೇ ಊದುಬತ್ತಿ ಹಚ್ಚಿ, ಕೈಮುಗಿದು, "ಹತ್ತಿ ಸಾರ್, ಹತ್ತಿ" ಎಂದ.

ಮೊದಲು ಹತ್ತಿದವರು ನಮ್ಮ ಆಫೀಸಿನ ಹಿರಿಯರೊಬ್ಬರು. ಪಟ ನೋಡಿದರು, ಕೆನ್ನೆ ತಟ್ಟಿಕೊಂಡರು, ಚಪ್ಪಲಿ ಬಿಟ್ಟು ಹತ್ತಿದರು. ಅವರ ಹಿಂದಿನವರು ಬಿಟ್ಟರು. ಅವರ ಹಿಂದಿನವರೂ ಬಿಟ್ಟರು. ಎಲ್ಲರೂ ಬಿಟ್ಟಾಗ ನಾನೊಬ್ಬಳು ಶೂ ಹಾಕಿಕೊಂಡು ಹೋಗಿ ದೇವಿಯ ಮುಂದೆ ನಿಲ್ಲಲಾದೀತೆ? ಲೇಸು ಬಿಚ್ಚಿದೆ. ಅಪ್ಪ ಬಿಚ್ಚಿದರು, ಅಮ್ಮ ಬಿಚ್ಚಿದಳು. ಕಡೆಗೆ ಶೂ ಕಡ್ಡಾಯ ಎಂದು ವಾರವಿಡೀ ಬಡಿದುಕೊಂಡಿದ್ದ ಗೈಡ್ ಬಸವರಾಜು ಕೂಡ ಒಂದು ಕಾಲಿನ ಮೇಲೆ ಕುಂಟುತ್ತಾ ತನ್ನ ಬೂಟು ಕಳಚಿದ. ಪೂಜೆಯಾದ ಮೆಷಿನ್ನಿನ ಮೇಲೆ ಬೂಟುಗಾಲು ಇಡುವುದು ಟೂಲ್ ರೂಮಿನ ಕೆಲಸಗಾರನ ಕಾಲಿಗೆ ಒಗ್ಗದ ವಿಷಯ. ಶೆಡ್ಡಿನ ಮುಂದೆ ಸಾಲಾಗಿ ಶೂ, ಚಪ್ಪಲಿ, ಬೂಟು. ಯಾವುದೋ ದೇವಸ್ಥಾನದ ಬಾಗಿಲಿನ ಹಾಗೆ. ಬರುವಾಗ ಹಾಕಿಕೊಂಡರಾಯಿತು ಎಂದೇ ಎಲ್ಲರ ಮನಸ್ಸಿನಲ್ಲಿ. ಬರುವುದು ಈ ದಾರಿಯಲ್ಲಲ್ಲ ಎಂಬುದು ಒಬ್ಬರ ತಲೆಗೂ ಹೋಗಲಿಲ್ಲ.

ಟ್ರಾಲಿ ಹೊರಟಿತು. ಹೊರಟಿತು ಅನ್ನುವುದಕ್ಕಿಂತ ನೆಲ ನಮ್ಮನ್ನು ಕೈಬಿಟ್ಟಿತು ಎನ್ನಬೇಕು. ಹಿರಿಯರು ಅಷ್ಟೋತ್ತರ ಶುರು ಮಾಡಿದರು. ಅಪ್ಪ ಒಂದು ಕೈಯಲ್ಲಿ ಕಂಬಿ, ಇನ್ನೊಂದರಲ್ಲಿ ಫ್ಲಾಸ್ಕು ಹಿಡಿದು ಆಕಾಶ ನೋಡುತ್ತಿದ್ದರು. ನಾನು ಕಣ್ಣು ಮುಚ್ಚಿ ಕೂಗಿದ ಕೂಗು ಎದುರು ಬೆಟ್ಟಕ್ಕೆ ಹೋಗಿ ತಿರುಗಿ ಬಂದು ನನ್ನನ್ನೇ ಹೆದರಿಸಿತು. ಮಧ್ಯೆ ಎಲ್ಲೋ ಒಮ್ಮೆ ಕಣ್ಣು ಬಿಟ್ಟೆ. ಅಮ್ಮ ಎಲ್ಲರಿಗಿಂತ ಮುಂದೆ, ಬಾಳೆಕಂದಿನ ಪಕ್ಕ ನಿಂತು, ಗಾಳಿಗೆ ಮುಖ ಕೊಟ್ಟು ನಗುತ್ತಿದ್ದಳು. ಸದ್ದು ಮಾಡಿ ನಗುತ್ತಿದ್ದಳು. ವರ್ಷದಿಂದ ಆ ನಗು ಕೇಳಿರಲಿಲ್ಲ. ನನ್ನ ಕಣ್ಣಲ್ಲಿ ನೀರು ಬಂತು; ಭಯಕ್ಕೆ ಅಳುತ್ತಿದ್ದೇನೆ ಎಂದು ಪಕ್ಕದವರು ತಿಳಿದುಕೊಂಡರು, ನಾನೂ ತಿದ್ದಲು ಹೋಗಲಿಲ್ಲ.

ಕೆಳಗಿಳಿದು ಜಲ್ಲಿಕಲ್ಲಿನ ಮೇಲೆ ಕಾಲಿಟ್ಟಾಗ ಎಲ್ಲರಿಗೂ ಒಟ್ಟಿಗೆ ಜ್ಞಾನೋದಯವಾಯಿತು. ಹದಿನೈದಿಪ್ಪತ್ತು ಜನ ಕೊಕ್ಕರೆಗಳ ಹಾಗೆ ಒಂದೊಂದು ಕಾಲು ಎತ್ತಿ ನಿಂತೆವು. ಬಸವರಾಜು ತನ್ನ ಪಾದ ನೋಡಿಕೊಂಡ, ನಮ್ಮ ಪಾದಗಳನ್ನು ನೋಡಿದ, ಹಳಿಯುದ್ದಕ್ಕೂ ಮೇಲೆ ನೋಡಿದ. ಕತ್ತಿನ ಸೀಟಿಯನ್ನು ಊದಲೋ ಬೇಡವೋ ಎಂಬಂತೆ ಬಾಯಿಗಿಟ್ಟು ತೆಗೆದ.

ಕೆಳಗಿದ್ದ ಪವರ್ ಹೌಸಿನ ಕೆಲಸಗಾರ ಹೇಳಿದ: "ಈಗ ಒಂದ್ಸಲ ಟ್ರಾಲಿ ಮೇಲಕ್ ಹೋಗುತ್ತೆ ಸಾರ್. ಆಮೇಲೆ ಎಣ್ಣೆ ಡ್ರಮ್ಮು ಇಳಿಸ್ಬೇಕು, ಸಂಜೆ ತನಕ ಜನಕ್ಕಿಲ್ಲ. ಹೋಗೋರು ಈಗ್ಲೇ ಹತ್ಬಿಡಿ."

"ಎಲ್ರೂ ಹತ್ತಿ. ಜಲಪಾತ ಕ್ಯಾನ್ಸಲ್" ಎಂದ ಬಸವರಾಜು. ಒಬ್ಬರಿಗೂ ಬೇಸರವಾದಂತೆ ಕಾಣಲಿಲ್ಲ. ಎದುರಿಗೇ ನೀರು ಮೂರು ಹಂತದಲ್ಲಿ ಧುಮುಕುತ್ತಿತ್ತು, ಅದರ ಸದ್ದಿಗೇ ಅರ್ಧ ಜನರ ಉತ್ಸಾಹ ಇಳಿದಿತ್ತು. ಅಪ್ಪನ ಮುಖದಲ್ಲಂತೂ, ದೇವರಾಗಿ ದೇವರೇ ಬಂದು ರಜೆ ಮಂಜೂರು ಮಾಡಿದಂಥ ಕಳೆ. "ಬಾ ಸಾವಿತ್ರಿ, ನಿನ್ನ ತಪ್ಪೇನಿಲ್ಲ. ಸೋತ ಹಾಗೆ ಅಲ್ಲ ಇದು" ಎಂದರು.

"ಗೆದ್ದ ಹಾಗೂ ಅಲ್ವಲ್ಲ" ಎಂದಳು ಅಮ್ಮ. "ನೀವು ಹೋಗಿ. ನಾನು ಹತ್ತೇ ಬರೋದು."

"ಅಮ್ಮಾ, ಶೂ ಇಲ್ದೆ ಹತ್ಸಲ್ಲಮ್ಮ. ರೂಲ್ಸು" ಎಂದ ಬಸವರಾಜು.

"ನಿನ್ ಬೂಟೆಲ್ಲಪ್ಪಾ?"

ಬಸವರಾಜು ಕಾಲ್ಬೆರಳು ಮಡಚಿಕೊಂಡ.

"ನೋಡಪ್ಪ," ಎಂದಳು ಅಮ್ಮ, ಸ್ವಲ್ಪ ದನಿ ತಗ್ಗಿಸಿ. "ನಾನು ಇವತ್ತು ಹತ್ತದೆ ಟ್ರಾಲಿಲಿ ವಾಪಸ್ ಹೋದ್ರೆ ಮಂಚದ ಮೇಲಿಂದ ಏಳೋ ಹಾಗಿಲ್ಲ. ಹಾಗಂತ ನಾನೇ ಮಾತು ಕೊಟ್ಟಿದೀನಿ. ನೀನು ಮುಂದೆ ನಡಿ, ನೀನು ಕಾಲಿಟ್ಟ ಕಡೆ ನಾನು ಇಡ್ತೀನಿ. ಮೊದಲ್ನೇ ಹಂತದಲ್ಲಿ ಒಂದ್ಸಲ ಜಾರಿದ್ರೂ ನಾನೇ ಇಳಿದು ಬರ್ತೀನಿ."

ಅವನು ಏನು ಯೋಚಿಸಿದನೋ, ಅವನ ಮನೆಯಲ್ಲೂ ಇಂಥ ತಾಯಿ ಇದ್ದಳೋ ಏನೋ. ಹೆಗಲ ಮೇಲಿನ ಹಗ್ಗ ಸರಿ ಮಾಡಿಕೊಂಡು, "ಬನ್ನಿ" ಎಂದ. ನನ್ನ ಒಂದು ಕಾಲು ಆಗಲೇ ಟ್ರಾಲಿಯೊಳಗಿತ್ತು. ಅಮ್ಮ ತಿರುಗಿ ನನ್ನನ್ನು ನೋಡಿದಳು. ಕಾಲನ್ನು ಹೊರಗೆ ತೆಗೆದೆ. ಅಪ್ಪ ಟ್ರಾಲಿಗೂ ಅಮ್ಮನಿಗೂ ನಡುವೆ ಎರಡು ಸಲ ಓಡಾಡಿ, ಕಡೆಗೆ ಪಂಚೆ ಎತ್ತಿ ಕಟ್ಟಿ ನಮ್ಮ ಹಿಂದೆ ಬಂದರು. ಟ್ರಾಲಿ ಉಳಿದವರನ್ನು ಹೊತ್ತು ಹೊರಟುಹೋಯಿತು. ಇನ್ನು ನಾಲ್ವರಿಗೂ ಮನೆಗೆ ದಾರಿ ಅದೊಂದೇ, ನೀರಿನ ಪಕ್ಕದ ಬಂಡೆ.

ಮೊದಲ ಹಂತ ಹಳೆಯ ಕಲ್ಯಾಣಿಯ ಮೆಟ್ಟಿಲಿನಂತಿತ್ತು. ಅಮ್ಮ ಜಾರಲಿಲ್ಲ. ಪಾದ ಅಡ್ಡ ಮಾಡಿ, ಹಿಮ್ಮಡಿ ಊರಿ, ಒಂದೊಂದೇ ಹೆಜ್ಜೆ. ನಮ್ಮ ಬೋರ್‌ವೆಲ್ ಕಟ್ಟೆಯ ಪಾಚಿಯ ಮೇಲೆ ತುಂಬಿದ ಕೊಡ ಹೊತ್ತು ನಡೆದ ಕಾಲು ಅದು, ವರ್ಷದಿಂದ ಚಪ್ಪಟೆ ನೆಲದ ಮೇಲೆ ಬೇಸರಪಟ್ಟುಕೊಂಡಿತ್ತು. ನಾನು ಅದೇ ಕಟ್ಟೆಯ ಮೇಲೆ ವರ್ಷವಿಡೀ ನೀರು ಹೊತ್ತರೂ ಇಲ್ಲಿ ಕೈ, ಮಂಡಿ, ಒಮ್ಮೆ ಗಲ್ಲ ಕೂಡ ಬಳಸಿ ಹತ್ತಿದೆ. ಹಿಂದಿನಿಂದ ಅಪ್ಪ, "ನಿಧಾನ ಸಾವಿತ್ರಿ, ನಿಧಾನ, ಆಯಾಸ ಆಯ್ತಾ, ನಿಂತ್ಕೋ" ಎನ್ನುತ್ತಲೇ ಇದ್ದರು. ನೀರಿನ ಆರ್ಭಟದಲ್ಲಿ ಅರ್ಧ ಕೇಳುತ್ತಿರಲಿಲ್ಲ, ಅದು ಒಳ್ಳೆಯದೇ ಆಯಿತು.

ಎರಡನೆಯ ಹಂತದಲ್ಲಿ ಹಿಂದಿನಿಂದ ಬರುತ್ತಿದ್ದ 'ನಿಧಾನ' ಇದ್ದಕ್ಕಿದ್ದಂತೆ ನಿಂತಿತು. ತಿರುಗಿ ನೋಡಿದರೆ ಅಪ್ಪ ಸೊಂಟದವರೆಗೂ ನೀರಿದ್ದ ಗುಂಡಿಯಲ್ಲಿ ಕೂತಿದ್ದರು. ಫ್ಲಾಸ್ಕಿನೊಳಗಿನ ಗಾಜು ಗಲಗಲ ಎನ್ನುತ್ತಿತ್ತು. ಜೇಬಿನ ಮಾತ್ರೆಗಳು ತೇಲಿಕೊಂಡು ಕಾವೇರಿಯ ಕಡೆ ಹೊರಟಿದ್ದವು. ಅಮ್ಮ ಹತ್ತಿದ್ದ ಎರಡು ಕಲ್ಲು ಇಳಿದು ಬಂದು ಕೈ ಕೊಟ್ಟು ಎತ್ತಿದಳು. ಒಂದು ಬಂಡೆಯ ಮೇಲೆ ಕೂರಿಸಿ, ತಲೆಯನ್ನು ಒಂದು ಪಕ್ಕಕ್ಕೆ ವಾಲಿಸಿ ಕೇಳಿದಳು:

"ಕೂತ್ಕೊಳ್ಳಿ, ಕೂತ್ಕೊಳ್ಳಿ. ಸುಧಾರಿಸ್ಕೊಳ್ಳಿ. ತುಂಬಾ ಆಯಾಸ ಆಯ್ತಾ? ಮಾತ್ರೆ ಬೇಕಿತ್ತಾ?"

"ಅಯ್ಯೋ, ನಂಗೇನೂ ಆಗಿಲ್ಲ ಕಣೇ!" ಎಂದು ಅಪ್ಪ ಸಿಡುಕಿದರು. ಸಿಡುಕಿದವರು ಹಾಗೇ ಬಾಯಿ ತೆರೆದುಕೊಂಡು ಕೂತರು. ಆ ಮಾತನ್ನು ವರ್ಷದಿಂದ ಯಾರ ಬಾಯಲ್ಲಿ ಕೇಳಿದ್ದು ಎಂದು ಅವರಿಗೆ ಹೊಳೆದದ್ದು ನನಗೆ ಕಾಣಿಸಿತು. ಅಮ್ಮ ನಗಲಿಲ್ಲ, ಚುಚ್ಚಲಿಲ್ಲ. ಸೆರಗಿನ ತುದಿಯಿಂದ ಅವರ ಮುಖ ಒರೆಸಿದಳು. ಆಮೇಲೆ ಎದ್ದು ಮುಂದೆ ನಡೆದಳು. ಅಪ್ಪ ಮತ್ತೆ 'ನಿಧಾನ' ಎನ್ನಲಿಲ್ಲ.

ಮೂರನೆಯ ಹಂತ ನೇರ ಗೋಡೆ. ಬಸವರಾಜು ಮೇಲೆ ಹೋಗಿ ಮರಕ್ಕೆ ಹಗ್ಗ ಬಿಗಿದು, ತುದಿಯನ್ನು ಇಳಿಬಿಟ್ಟ. ಅಮ್ಮ ಅದನ್ನು ಸೊಂಟಕ್ಕೆ ಸುತ್ತಿಕೊಂಡು, ಎರಡು ಕೈಯಲ್ಲಿ ಹಿಡಿದು ಹತ್ತತೊಡಗಿದಳು. ಪಕ್ಕದಲ್ಲೇ ನೀರು ಬೀಳುತ್ತಿತ್ತು. ಅರ್ಧ ದಾರಿ ಹೋಗಿ ನಿಂತುಬಿಟ್ಟಳು. ಕಾಲು ಅಲ್ಲಾಡಲಿಲ್ಲ, ಕೈ ಅಲ್ಲಾಡಲಿಲ್ಲ. ಮುಖ ನೀರಿನ ಕಡೆ ತಿರುಗಿತ್ತು, ನಮಗೆ ಕಾಣುತ್ತಿರಲಿಲ್ಲ. ಹೊಲಿಗೆ ಹಾಕಿದ ಜಾಗದಲ್ಲಿ ನೋವು ಶುರುವಾಯಿತೇ? ಕೈ ಸೋತಿತೇ? ಇಷ್ಟು ದೂರ ಬಂದು ಇಳಿಯಬೇಕಾಯಿತೇ? ಇಳಿದರೆ ಆ ಮಂಚ, ಆ ಕಿಟಕಿ, ಆ ಮೌನ.

ಅಪ್ಪ ಬಾಯಿ ತೆರೆದರು. 'ಇಳಿದು ಬಾ' ಎಂಬುದು ಅವರ ತುಟಿಯವರೆಗೂ ಬಂದಿತ್ತು, ಆಣೆ ಮಾಡಿ ಹೇಳುತ್ತೇನೆ. ಅದನ್ನು ನುಂಗಿಕೊಂಡರು. ಆಮೇಲೆ ನೀರಿನ ಸದ್ದು ಮೀರಿ ಕೂಗಿದರು:

"ಸಾವಿತ್ರೀ! ಬಲಗಾಲು ಮೇಲಿಡು! ಅಲ್ಲೊಂದು ಕಲ್ಲಿದೆ ನೋಡು, ಗಟ್ಟಿಯಾಗಿದೆ! ಅದರ ಮೇಲಿಟ್ರೆ ಆಯ್ತು!"

ಅಮ್ಮ ಬಲಗಾಲು ಎತ್ತಿ ಆ ಕಲ್ಲಿನ ಮೇಲಿಟ್ಟಳು. ಅಲ್ಲಿಂದ ಮೇಲಕ್ಕೆ ಬಸವರಾಜು ಕೈ ಚಾಚುವ ಅಗತ್ಯವೇ ಬರಲಿಲ್ಲ.

ನಾನು ಮತ್ತು ಅಪ್ಪ ಮೇಲೆ ತಲುಪಿದ್ದು ಹೇಗೆ ಎಂದು ಕೇಳಬೇಡಿ. ಬಾವಿಯಿಂದ ಬಿಂದಿಗೆ ಎಳೆದ ಹಾಗೆ ಎಳೆದುಕೊಂಡರು, ಅಷ್ಟು ಸಾಕು. ಅಮ್ಮ ಬಂಡೆಯ ಮೇಲೆ ಕೂತು ಸೆರಗು ಹಿಂಡುತ್ತಿದ್ದಳು. "ಮಧ್ಯೆ ಯಾಕಮ್ಮ ನಿಂತ್ಬಿಟ್ಟೆ? ನೋವಾಯ್ತಾ?" ಎಂದೆ.

"ನೋವೂ ಇಲ್ಲ ಏನೂ ಇಲ್ಲ ಕಣೇ. ನೀರನ್ನ ಅಷ್ಟ್ ಹತ್ತಿರದಿಂದ ನೋಡೇ ಇರ್ಲಿಲ್ಲ. ಕೊಡದಲ್ಲಿ ನೋಡೋದೇ ಬೇರೆ. ಸ್ವಲ್ಪ ಹೊತ್ತು ನೋಡ್ಕೊಂಡ್ ನಿಂತೆ."

ನಾನು ಅಲ್ಲೇ ಅತ್ತುಬಿಟ್ಟೆ. ಈ ಸಲ ಭಯದ ನೆಪವೂ ಇರಲಿಲ್ಲ. ನನಗೆ ಅಮ್ಮನ ಬಗ್ಗೆ ಹೆಮ್ಮೆಯಾಗಿತ್ತು, ಅದಕ್ಕಿಂತ ಹೆಚ್ಚಾಗಿ ನನ್ನ ಅಮ್ಮ ನನಗೆ ತಿರುಗಿ ಸಿಕ್ಕಿದ್ದಳು. ಅಪ್ಪ ಒದ್ದೆ ಪಂಚೆಯಲ್ಲಿ ಪಕ್ಕದಲ್ಲಿ ಕೂತು ತಮ್ಮ ಪಾದಗಳನ್ನು ತಿರುಗಿಸಿ ನೋಡಿಕೊಂಡರು. ಅಲ್ಲಲ್ಲಿ ಕಿತ್ತು ರಕ್ತ ಬಂದಿತ್ತು.

ಅಲ್ಲಿಂದ ಟ್ರಾಲಿ ಶೆಡ್ಡು ಹೆಚ್ಚು ದೂರವಿರಲಿಲ್ಲ. ಕುಂಟುತ್ತಾ ಹೋದೆವು. ಹೋದರೆ ಶೆಡ್ಡಿನ ಮುಂದೆ ಶೂಗಳೇ ಇಲ್ಲ! ಎಣ್ಣೆ ಡ್ರಮ್ಮು ಉರುಳಿಸಲು ಜಾಗ ಬೇಕೆಂದು ಆಪರೇಟರು ಎಲ್ಲವನ್ನೂ ಬಾಚಿ ಒಂದು ಗೋಣಿಚೀಲಕ್ಕೆ ತುಂಬಿದ್ದ. ಟ್ರಾಲಿಯಲ್ಲಿ ವಾಪಸಾದವರು ಮೊದಲೇ ಚೀಲಕ್ಕೆ ಕೈ ಹಾಕಿ, ಸಿಕ್ಕಿದ್ದನ್ನು ಸಿಕ್ಕಿಸಿಕೊಂಡು ವ್ಯಾನಿನಲ್ಲಿ ಮೊಸರನ್ನ ತಿನ್ನುತ್ತಾ ಕೂತಿದ್ದರು. ತಳದಲ್ಲಿ ಉಳಿದದ್ದು ಅಮ್ಮನ ಪಾಲಿಗೆ: ಒಂದು ಬಿಳಿ, ಒಂದು ಕಂದು. ನಾನು ವ್ಯಾನಿನಲ್ಲಿ ಒಬ್ಬೊಬ್ಬರ ಕಾಲನ್ನೂ ಬಗ್ಗಿ ನೋಡಹೊರಟೆ. ಅಮ್ಮ ಕೈ ಹಿಡಿದು ಕೂರಿಸಿದಳು. "ಇರ್ಲಿ ಬಿಡೇ, ಎಡಕ್ಕೊಂದು ಬಲಕ್ಕೊಂದು ಇದೆಯಲ್ಲ, ಸಾಕು." ಕೆಂಗೇರಿ ಬರುವಷ್ಟರಲ್ಲಿ ಅಮ್ಮ ನಿದ್ದೆ ಹೋಗಿದ್ದಳು. ಅಪ್ಪ ಅವಳಿಗೆ ಏನೂ ಹೊದಿಸಲು ಹೋಗಲಿಲ್ಲ. ಅದು ಅವರಿಗೆ ಎಷ್ಟು ಕಷ್ಟವಾಯಿತು ಎಂಬುದು ನನಗೆ ಗೊತ್ತು.

ಮಾರನೆಯ ಬೆಳಿಗ್ಗೆ ಅಟ್ಟದಿಂದ ಏನೋ ಇಳಿಸಿದ ಸದ್ದಿಗೆ ಎಚ್ಚರವಾಯಿತು. ಅಮ್ಮ ಸ್ಟೀಲ್ ಕೊಡವನ್ನು ಬೂದಿ ಹಾಕಿ ತಿಕ್ಕುತ್ತಿದ್ದಳು. ಅಪ್ಪ ಅದೇ ಮಂಚದ ಮೇಲೆ ಕಾಲು ಚಾಚಿ ಕೂತಿದ್ದರು. ಕಮಲತ್ತೆ ಅವರ ಪಾದಕ್ಕೆ ಅರಿಶಿನ, ಕೊಬ್ಬರಿ ಎಣ್ಣೆ ಹಚ್ಚಿ ಬಟ್ಟೆ ಸುತ್ತುತ್ತಿದ್ದರು. ಅತ್ತೆಯ ಟ್ರಂಕು ಬಾಗಿಲ ಬಳಿ ಬಂದು ಕೂತಾಗಿತ್ತು.

"ಸಾವಿತ್ರಿ..." ಎಂದರು ಅಪ್ಪ.

ಅಮ್ಮ ಕೊಡ ಹಿಡಿದುಕೊಂಡು ತಿರುಗಿದಳು. "ಏನು?"

"ಏನಿಲ್ಲ. ಕೊಡದ ಕಂಠ ಒಂದ್ಕಡೆ ನೆಗ್ಗಿದೆ. ನೋಡ್ಕೊಂಡು ಹಿಡ್ಕೋ."

ಅಮ್ಮ ಒಂದು ಬಿಳಿ, ಒಂದು ಕಂದು ಶೂ ಮೆಟ್ಟಿಕೊಂಡು ಬೀದಿಗಿಳಿದಳು. ಹಿಂದೆ ನನ್ನ ಪ್ಲಾಸ್ಟಿಕ್ ಕೊಡ ಹಿಡಿದು ನಾನು. ಪಂಪಿನ ಹತ್ತಿರ ಎಂದಿಗಿಂತ ಉದ್ದದ ಸಾಲಿತ್ತು. ನಮ್ಮನ್ನು ಕಂಡು ತಲೆಗಳು ಒಂದೊಂದಾಗಿ ವಾಲಿದವು. "ಅಯ್ಯೋ ಸಾವಿತ್ರಮ್ಮ, ನೀವ್ಯಾಕ್ ಬಂದ್ರಿ? ಬನ್ನಿ ಬನ್ನಿ, ಮುಂದೆ ಇಡಿ" ಎಂದು ಯಾರೋ ತಮ್ಮ ಕೊಡ ಪಕ್ಕಕ್ಕೆ ಸರಿಸಿದರು. ಪಂಪಿನ ಬಾಯಿಯ ಕೆಳಗೆ ನಮಗೆಂದು ಜಾಗವಾಯಿತು. ನಾನು ವರ್ಷದ ರೂಢಿಯಂತೆ ಕೊಡ ಮುಂದಿಟ್ಟೇಬಿಟ್ಟೆ.

ಅಮ್ಮ ನಿಲ್ಲಲಿಲ್ಲ. ಪಂಪು ದಾಟಿದಳು, ಸಾಲಿನ ಪಕ್ಕದಲ್ಲೇ ನಡೆದಳು, ಅಷ್ಟೂ ಕೊಡಗಳನ್ನು ದಾಟಿ ತುದಿಗೆ ಹೋದಳು. ಅಲ್ಲಿ ತನ್ನ ಸ್ಟೀಲ್ ಕೊಡವನ್ನು ಠಣ್ಣೆಂದು ನೆಲಕ್ಕಿಟ್ಟು, ನಾಲ್ಕು ಮನೆಗೆ ಕೇಳುವಂತೆ ಕೇಳಿದಳು:

"ಕೊನೇಲಿ ಯಾರ್ರೀ? ನೀವಾ? ನಿಮ್ಮ ಹಿಂದೆ ನಾನು."

ನಾನೂ ನನ್ನ ಕೊಡ ಎತ್ತಿಕೊಂಡು ಹೋಗಿ ಅವಳ ಹಿಂದೆ ನಿಂತೆ. ಅಂದು ನನಗೆ ಆಫೀಸಿನ ಬಸ್ಸು ತಪ್ಪಿತು.